ಮಾತ್ರೆ ತಪ್ಪಿದರೆ

‘ಮಾತ್ರೆ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಮನೆಗಳಿವೆ. ಒಂದು ಛಂದಸ್ಸಿನ ಮನೆ, ಮತ್ತೊಂದು ಔಷಧದ ಅಂಗಡಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ನಾವು ತರಗತಿಯಲ್ಲಿ ಪಾಠ ಹೇಳುತ್ತೇವೆ. ವೈದ್ಯರು ಬೆಳಗ್ಗೆ ಒಂದು ಮಾತ್ರೆ, ರಾತ್ರಿ ಎರಡು ಮಾತ್ರೆ ಎಂದು ಚೀಟಿ ಬರೆಯುತ್ತಾರೆ. ಎರಡಕ್ಕೂ ಮೂಲ ಒಂದೇ ಸಂಸ್ಕೃತ ಪದ. ಅದರ ಅರ್ಥ ‘ಅಳತೆ’. ಭಾಮಿನೀ ಷಟ್ಪದಿಯಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು ಮಾತ್ರೆಗಳು ಹೆಜ್ಜೆ ಹಾಕಬೇಕಾದಲ್ಲಿ ಒಂದು ಹೆಚ್ಚಾದರೂ ಪದ್ಯ ಎಡವುತ್ತದೆ. ಪದ್ಯ ಎಡವಿದರೆ ಕವಿಗೆ ಅಪಕೀರ್ತಿ, ಅಷ್ಟೆ. ದೇಹದೊಳಗಿನ ಮಾತ್ರೆ ತಪ್ಪಿದರೆ ಎಡವುವವರು ನಮ್ಮ ಮನೆಯವರೇ.

ಹೀಗಿದ್ದರೂ ಈ ಪುಟ್ಟ ವಸ್ತುವಿನ ವಿಷಯದಲ್ಲಿ ನಾವು ತೋರುವ ಕುತೂಹಲ ಬಲು ಕಡಿಮೆ. ಒಂದು ಸೀರೆ ಕೊಳ್ಳುವಾಗ ನೂಲು ಯಾವುದು, ಬಣ್ಣ ಬಿಡುವುದೇ ಎಂದು ಹತ್ತು ಪ್ರಶ್ನೆ ಕೇಳುವ ನಾವು, ಬಾಯೊಳಗೆ ಹಾಕಿಕೊಳ್ಳುವ ಗುಳಿಗೆ ಎಲ್ಲಿಗೆ ಹೋಗುತ್ತದೆ, ಏನು ಮಾಡುತ್ತದೆ, ಎಂದು ಹೊರಡುತ್ತದೆ ಎಂದು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ತಲೆನೋವಿಗೆಂದು ನುಂಗಿದ ಗುಳಿಗೆ ನೆಟ್ಟಗೆ ತಲೆಗೇ ಹೋಗುತ್ತದೆಂದು ನಂಬಿದವರು ಓದಿದವರಲ್ಲಿಯೂ ಇದ್ದಾರೆ.

ಈ ವಿದ್ಯೆ ಕನ್ನಡಕ್ಕೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ವಂಶದ ಕೀರ್ತಿವರ್ಮನು ದನಕರುಗಳ ಚಿಕಿತ್ಸೆಗಾಗಿ ‘ಗೋವೈದ್ಯ’ವನ್ನು ಬರೆದನು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಕಾಲದ ಮಂಗರಾಜನು ವಿಷ ಮತ್ತು ಅದರ ಪರಿಹಾರವನ್ನೇ ವಸ್ತುವಾಗಿಸಿ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ತಕ್ಕ ರೀತಿಯಲ್ಲಿ ಬಳಸಿದ ವಿಷವೂ ಔಷಧವಾದೀತು, ತಪ್ಪಾಗಿ ಬಳಸಿದ ಔಷಧವೂ ವಿಷವಾದೀತು ಎಂಬ ಅಭಿಪ್ರಾಯ ಚರಕಸಂಹಿತೆಯಲ್ಲಿದೆ. ಯೂರೋಪಿನಲ್ಲಿ ಹದಿನಾರನೆಯ ಶತಮಾನದ ಪ್ಯಾರಾಸೆಲ್ಸಸ್ ಎಂಬ ವೈದ್ಯನು ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ವಿಷವನ್ನು ವಿಷವಾಗಿಸುವುದು ಅದರ ಅಳತೆ. ಹಿಂದಿನವರು ಅನುಭವದಿಂದ ಕಂಡುಕೊಂಡುದಕ್ಕೆ ಈಚಿನ ನೂರಿಪ್ಪತ್ತು ವರ್ಷಗಳ ವಿಜ್ಞಾನ ಕಾರಣವನ್ನು ಹುಡುಕಿಕೊಟ್ಟಿದೆ.

ಆ ಕಾರಣವನ್ನು ತಿಳಿಯಲು ನಾವು ಬಹು ದೂರ ಹೋಗಬೇಕಾಗಿಲ್ಲ. ನಾನಿರುವುದು ಹುಣಸಮಾರನಹಳ್ಳಿಯಲ್ಲಿ. ಬೆಂಗಳೂರಿನಿಂದ ಬಳ್ಳಾರಿ ರಸ್ತೆಯನ್ನು ಹಿಡಿದು, ಹೆಬ್ಬಾಳ ಯಲಹಂಕಗಳನ್ನು ದಾಟಿ, ದೇವನಹಳ್ಳಿಯ ಕಡೆಗೆ ಹೊರಟವರಿಗೆ ನಡುವೆ ಸಿಗುವ ಊರಿದು. ಔಷಧದ ಪಯಣವನ್ನು ಅರಿಯಲು ಬೇಕಾದ ಉದಾಹರಣೆಗಳೆಲ್ಲ ಈ ಒಂದು ರಸ್ತೆಯ ಇಕ್ಕೆಲಗಳಲ್ಲಿಯೇ ದೊರೆಯುತ್ತವೆ ಎಂದರೆ ವಾಚಕರು ನಂಬಲಾರರು. ಆದರೂ ನಿಜ.

ಮೊದಲು ಪ್ರವೇಶದ ಮಾತು. ನುಂಗಿದ ಗುಳಿಗೆ ಜಠರದಲ್ಲಿ ಕರಗಿ ಸಣ್ಣ ಕರುಳಿಗೆ ಇಳಿಯುತ್ತದೆ. ಬಹುಪಾಲು ಔಷಧಗಳು ರಕ್ತವನ್ನು ಸೇರುವುದು ಇಲ್ಲಿಂದಲೇ. ಕರುಳಿನ ಒಳಗೋಡೆ ನುಣುಪಾದ ಕೊಳವೆಯಲ್ಲ; ಮಡಿಕೆ ಮಡಿಕೆಯಾಗಿ, ಮಡಿಕೆಯ ಮೇಲೆ ಮಖಮಲ್ಲಿನಂತೆ ಸೂಕ್ಷ್ಮವಾದ ಎಳೆಗಳಾಗಿ ಹಬ್ಬಿದೆ. ಜೀರ್ಣಾಂಗದ ಈ ಮೈಯನ್ನೆಲ್ಲ ಬಿಚ್ಚಿ ಹರಡಿದರೆ ಅರ್ಧ ಬ್ಯಾಡ್ಮಿಂಟನ್ ಅಂಕಣದಷ್ಟಾಗುತ್ತದೆ ಎಂದು 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಲೆಕ್ಕ ಹಾಕಿದರು. ಇಷ್ಟು ವಿಸ್ತಾರವಾದ ಬಾಗಿಲಿರುವುದರಿಂದಲೇ ಒಂದು ಚಿಟಿಕೆ ಔಷಧ ಅರ್ಧ ಗಂಟೆ, ಒಂದು ಗಂಟೆಯೊಳಗೆ ರಕ್ತಕ್ಕೆ ಬರುತ್ತದೆ.

ಆದರೆ ರಕ್ತಕ್ಕೆ ಬಂದೊಡನೆ ಊರು ಸಿಕ್ಕಿತೆಂದಲ್ಲ. ನಮ್ಮೂರಿನಿಂದ ವಿಮಾನ ನಿಲ್ದಾಣದ ದಾರಿಯಲ್ಲಿ ಸಾದಹಳ್ಳಿಯ ಬಳಿ ಸುಂಕದ ಕಟ್ಟೆ ಇರುವಂತೆ ದೇಹದಲ್ಲಿಯೂ ಒಂದು ಕಟ್ಟೆ ಇದೆ. ಕರುಳಿನಿಂದ ಹೊರಟ ರಕ್ತವು ಹೃದಯಕ್ಕೆ ಹೋಗುವ ಮೊದಲು ಯಕೃತ್ತನ್ನು, ಎಂದರೆ ಪಿತ್ತಜನಕಾಂಗವನ್ನು ಹಾಯ್ದೇ ಹೋಗಬೇಕು. ಹೊರಗಿನಿಂದ ಬಂದ ಪದಾರ್ಥಗಳನ್ನು ಒಡೆದು ನಿರ್ವೀರ್ಯಗೊಳಿಸುವುದು ಈ ಅಂಗದ ಕಾಯಕ. ಅದಕ್ಕೆ ಔಷಧವೂ ಒಂದೇ, ವಿಷವೂ ಒಂದೇ. ಬಂದುದರಲ್ಲಿ ತನ್ನ ಪಾಲನ್ನು ಮುರಿದುಕೊಂಡೇ ಮುಂದೆ ಬಿಡುತ್ತದೆ. ಕೆಲವು ಔಷಧಗಳಲ್ಲಿ ಈ ಸುಂಕ ಎಷ್ಟು ಭಾರವೆಂದರೆ ನುಂಗಿದುದರಲ್ಲಿ ಅಲ್ಪ ಭಾಗ ಮಾತ್ರ ಮೈಯೆಲ್ಲ ಸುತ್ತಲು ಉಳಿಯುತ್ತದೆ.

ಎದೆನೋವು ಬಂದವರಿಗೆ ಸಾರ್ಬಿಟ್ರೇಟ್ ಗುಳಿಗೆಯನ್ನು ನುಂಗದೆ ನಾಲಗೆಯ ಕೆಳಗೆ ಇಟ್ಟುಕೊಳ್ಳಿರೆಂದು ವೈದ್ಯರು ಹೇಳುವುದೇಕೆ? ನಾಲಗೆಯ ಕೆಳಗಿನ ರಕ್ತನಾಳಗಳು ಯಕೃತ್ತಿನ ಕಟ್ಟೆಯನ್ನು ಬಳಸಿಕೊಂಡು ನೇರವಾಗಿ ಹೃದಯದ ಕಡೆಗೆ ಸಾಗುತ್ತವೆ. ಔಷಧವು ಸುಂಕವಿಲ್ಲದೆ, ಕೆಲವೇ ನಿಮಿಷಗಳಲ್ಲಿ ತಲುಪುತ್ತದೆ. ಗಾಬರಿಯಲ್ಲಿ ನೀರು ಕುಡಿಸಿ ನುಂಗಿಸಿಬಿಟ್ಟರೆ ಆ ಲಾಭ ಹೋಯಿತು. ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ಚುಚ್ಚಿಕೊಳ್ಳುವುದೂ ಇಂಥದೇ ಕಾರಣಕ್ಕೆ. ಇನ್ಸುಲಿನ್ ಒಂದು ಪ್ರೋಟೀನು. ಬಾಯಲ್ಲಿ ಹಾಕಿಕೊಂಡರೆ ಹೊಟ್ಟೆಯು ಅದನ್ನು ಬೇಳೆಯಂತೆ ಅರಗಿಸಿಬಿಡುತ್ತದೆ. 1922ರಲ್ಲಿ ಟೊರಾಂಟೋ ನಗರದ ಬಾಲಕನೊಬ್ಬನಿಗೆ ಅದನ್ನು ಮೊದಲು ಕೊಟ್ಟದ್ದು ಸೂಜಿಯಿಂದಲೇ. ಇಂದಿಗೂ ಸೂಜಿಯೇ ಅದರ ರಾಜಮಾರ್ಗ.

ಬಾಗಿಲು ಯಾವುದೆಂಬುದರ ಮೇಲೆ ಅಳತೆಯೂ ಬದಲಾಗುತ್ತದೆ. ಉಬ್ಬಸದವರಿಗೆ ಕೊಡುವ ಸಾಲ್ಬ್ಯುಟಮಾಲ್ ಗುಳಿಗೆಯಲ್ಲಿ 2 ಅಥವಾ 4 ಮಿಲಿಗ್ರಾಂ ಇರುತ್ತದೆ. ಅದೇ ಔಷಧವನ್ನು ಇನ್ಹೇಲರಿನಿಂದ ಸೇದಿದರೆ ಒಂದು ಸೇದಿಗೆ 100 ಮೈಕ್ರೋಗ್ರಾಂ, ಎಂದರೆ ಮಿಲಿಗ್ರಾಮಿನ ಹತ್ತರಲ್ಲೊಂದು ಪಾಲು. ಶ್ವಾಸನಾಳಕ್ಕೆ ನೇರವಾಗಿ ಹೋಗುವುದರಿಂದ ಅಷ್ಟೇ ಸಾಕು. ಎದೆ ಬಡಿತ, ಕೈನಡುಕಗಳು ಕಡಿಮೆ. ಆದರೂ ಎಷ್ಟೋ ಮನೆಗಳಲ್ಲಿ “ಇನ್ಹೇಲರ್ ಬಹಳ ಜೋರು, ಮಗುವಿಗೆ ಬೇಡ, ಗುಳಿಗೆಯನ್ನೇ ಕೊಡಿ” ಎಂದು ತಾಯ್ತಂದೆಯರು ವೈದ್ಯರನ್ನು ಬೇಡಿಕೊಳ್ಳುತ್ತಾರೆ. ಜೋರಾದುದನ್ನು ಬಿಟ್ಟು ಮೆದುವಾದುದನ್ನು ಆರಿಸಿದೆವೆಂದು ಅವರ ಎಣಿಕೆ. ಲೆಕ್ಕ ನೋಡಿದರೆ ಆದದ್ದು ತಿರುಗುಮುರುಗು.

ಇನ್ನು ಔಷಧವು ಒಳಗೆ ಹೋಗಿ ಮಾಡುವ ಕೆಲಸವೇನು? 1905ರಲ್ಲಿ ಕೇಂಬ್ರಿಜ್ಜಿನ ಲ್ಯಾಂಗ್ಲಿ ಎಂಬ ಶರೀರಶಾಸ್ತ್ರಜ್ಞರು ಜೀವಕೋಶಗಳಲ್ಲಿ ಔಷಧವನ್ನು ಹಿಡಿದುಕೊಳ್ಳುವ ವಿಶೇಷ ಪದಾರ್ಥವಿರಬೇಕೆಂದು ಸೂಚಿಸಿದರು. ಅದೇ ಕಾಲದಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಅವರೂ ಔಷಧವು ಎಲ್ಲಿಯಾದರೂ ಅಂಟಿಕೊಂಡಲ್ಲದೆ ಕೆಲಸ ಮಾಡದೆಂದು ಸಾರಿದರು. ಇಂದು ನಾವು ಇವನ್ನು ಗ್ರಾಹಕಗಳೆಂದು ಕರೆಯುತ್ತೇವೆ. ಬೀಗಕ್ಕೆ ಬೀಗದ ಕೈ ಇದ್ದಂತೆ ಗ್ರಾಹಕಕ್ಕೆ ಔಷಧದ ಅಣು. ಕೆಲವು ಅಣುಗಳು ಬೀಗವನ್ನು ತೆರೆಯುತ್ತವೆ. ಕೆಲವು ಒಳಗೆ ಸೇರಿ ತಿರುಗದೆ ನಿಂತು, ಬೇರೆ ಕೈ ಬರದಂತೆ ತಡೆಯುತ್ತವೆ. ಔಷಧವು ಮೈಯಲ್ಲಿ ಇಲ್ಲದ ಹೊಸ ಕೆಲಸವನ್ನು ಹುಟ್ಟಿಸುವುದು ಅಪರೂಪ. ನಡೆಯುತ್ತಿರುವ ಕೆಲಸವನ್ನು ಚುರುಕು ಮಾಡುತ್ತದೆ, ಇಲ್ಲವೆ ನಿಧಾನಿಸುತ್ತದೆ. ಒಂದೇ ಬಗೆಯ ಬೀಗ ಮೈಯ ಹತ್ತಾರು ಕಡೆ ಇರುವುದರಿಂದ, ಬೇಕಾದ ಬಾಗಿಲಿನೊಡನೆ ಬೇಡವಾದ ಬಾಗಿಲೂ ಅಲುಗಾಡುತ್ತದೆ. ಅಡ್ಡಪರಿಣಾಮವೆಂದರೆ ಬಹುಮಟ್ಟಿಗೆ ಇದೇ. ತಲೆನೋವಿನ ಗುಳಿಗೆ ತಲೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಕಾಲಿನ ಹೆಬ್ಬೆರಳಿಗೂ ಹೋಗುತ್ತದೆ. ಬೀಗ ಇದ್ದಲ್ಲಿ ಕೆಲಸ ಮಾಡುತ್ತದೆ, ಇಲ್ಲದಲ್ಲಿ ಸುಮ್ಮನೆ ಹಾದುಹೋಗುತ್ತದೆ.

ಇದರ ಸೊಗಸಾದ ಉದಾಹರಣೆ ನಮ್ಮ ಹುಣಸಮಾರನಹಳ್ಳಿಯಲ್ಲಿಯೇ ಇದೆ. ಇಲ್ಲಿಯ ಕೃಷ್ಣದೇವರಾಯ ದಂತವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಸುತ್ತಣ ಹಳ್ಳಿಗಳವರು ಹಲ್ಲುನೋವೆಂದು ಬರುತ್ತಾರೆ. ಹಲ್ಲು ಕೀಳುವ ಮೊದಲು ಯಾವ ದಂತವೈದ್ಯರಾದರೂ ವಸಡಿಗೆ ಚುಚ್ಚುವ ಔಷಧ ಸಾಮಾನ್ಯವಾಗಿ ಲಿಗ್ನೋಕೇನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲ್ಯೋಫ್ಗ್ರೆನ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ತಯಾರಿಸಿದರು. ನೋವಿನ ಸುದ್ದಿ ನರದಲ್ಲಿ ಓಡಬೇಕಾದರೆ ಸೋಡಿಯಂ ಕಣಗಳು ನರದ ಪೊರೆಯ ಕಿಂಡಿಗಳಿಂದ ಒಳಗೆ ನುಗ್ಗಬೇಕು. ಲಿಗ್ನೋಕೇನ್ ಒಳಗಿನಿಂದ ಆ ಕಿಂಡಿಗಳನ್ನು ಮುಚ್ಚುತ್ತದೆ. ಹಲ್ಲಿನಲ್ಲಿ ನೋವು ಹುಟ್ಟಿದರೂ ಮೆದುಳಿಗೆ ಸುದ್ದಿ ಮುಟ್ಟುವುದಿಲ್ಲ. ಔಷಧವು ರಕ್ತದೊಡನೆ ಹರಿದುಹೋಗದೆ ಅಲ್ಲಿಯೇ ನಿಲ್ಲಲೆಂದು ರಕ್ತನಾಳಗಳನ್ನು ಬಿಗಿಮಾಡುವ ಅಡ್ರಿನಲಿನ್ನನ್ನು ಅದಕ್ಕೆ ಬೆರೆಸುವುದೂ ಉಂಟು.

ಕೀವು ತುಂಬಿದ ಹಲ್ಲಿನವರು ಮಾತ್ರ “ಸೂಜಿ ಹಾಕಿದರೂ ಮರಗಟ್ಟಲಿಲ್ಲ” ಎಂದು ದೂರುತ್ತಾರೆ. ವೈದ್ಯರ ಕೈಗುಣವನ್ನು ಹಳಿಯುವ ಮುನ್ನ ರಸಾಯನವನ್ನು ಕೇಳೋಣ. ಲಿಗ್ನೋಕೇನ್ ಅಣುಗಳಲ್ಲಿ ಎರಡು ರೂಪ: ವಿದ್ಯುದಂಶ ಹೊತ್ತದ್ದು, ಹೊರದಿದ್ದದ್ದು. ನರದ ಪೊರೆ ಕೊಬ್ಬಿನಿಂದಾದದ್ದು; ವಿದ್ಯುದಂಶವಿಲ್ಲದ ರೂಪ ಮಾತ್ರ ಅದನ್ನು ಸುಲಭವಾಗಿ ದಾಟಬಲ್ಲದು. ಕೀವು ತುಂಬಿದ ಜಾಗ ಆಮ್ಲೀಯ. ಆಮ್ಲದಲ್ಲಿ ಹೆಚ್ಚಿನ ಅಣುಗಳು ವಿದ್ಯುದಂಶ ಹೊತ್ತುಕೊಂಡು ಬಾಗಿಲಿನ ಹೊರಗೇ ನಿಲ್ಲುತ್ತವೆ. ಆದುದರಿಂದಲೇ ದಂತವೈದ್ಯರು ಕೆಲವೊಮ್ಮೆ ಮೊದಲು ಕೀವನ್ನು ಇಳಿಸುತ್ತಾರೆ, ಇಲ್ಲವೆ ದೂರದ ನರಕ್ಕೆ ಸೂಜಿ ಹಾಕುತ್ತಾರೆ. “ನಾಲ್ಕು ದಿನ ಬಿಟ್ಟು ಬನ್ನಿ” ಎಂಬ ಮಾತಿನಲ್ಲಿ ಇಷ್ಟು ಅರ್ಥ ಅಡಗಿರಬಹುದು.

ಒಳಗೆ ಹೋದುದು ಹೊರಗೆ ಬರಬೇಕಷ್ಟೆ. ಯಕೃತ್ತು ಒಡೆಯುತ್ತದೆ, ಮೂತ್ರಪಿಂಡಗಳು ಸೋಸಿ ಹೊರಹಾಕುತ್ತವೆ. ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಹಿಡಿಯುವ ಸಮಯವನ್ನು ಅರ್ಧಾಯುಸ್ಸು ಎನ್ನುತ್ತಾರೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲಿನ ಅರ್ಧಾಯುಸ್ಸು ಎರಡು ಮೂರು ಗಂಟೆ. ರಕ್ತದಲ್ಲಿ 500 ಪಾಲು ಇದ್ದರೆ ಮೂರು ಗಂಟೆಯಲ್ಲಿ 250, ಆರು ಗಂಟೆಯಲ್ಲಿ 125, ಒಂಬತ್ತು ಗಂಟೆಯಲ್ಲಿ 62 ಎಂದು ಇಳಿಯುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಬೇಕಾಗುವುದು ಅದಕ್ಕೇ. ಥೈರಾಯ್ಡ್ ಕೊರತೆಗೆ ಕೊಡುವ ಲೀವೋಥೈರಾಕ್ಸಿನ್ನಿನ ಅರ್ಧಾಯುಸ್ಸು ಸುಮಾರು ಏಳು ದಿನ. ಗುಳಿಗೆಯ ಬಲವನ್ನು ಬದಲಾಯಿಸಿದ ಮೇಲೆ ರಕ್ತದ ಮಟ್ಟ ಹೊಸ ನೆಲೆಯಲ್ಲಿ ನಿಲ್ಲಲು ಐದಾರು ವಾರ ಬೇಕು. ಹದಿನೈದೇ ದಿನಕ್ಕೆ “ಗುಣವೇ ಕಾಣಲಿಲ್ಲ” ಎಂದು ವೈದ್ಯರನ್ನು ಬದಲಿಸುವವರಿಗೆ ಈ ಲೆಕ್ಕ ತಿಳಿದಿದ್ದರೆ ಬಸ್ಸಿನ ದುಡ್ಡಾದರೂ ಉಳಿಯುತ್ತಿತ್ತು.

ಪ್ಯಾರಾಸಿಟಮಾಲ್ ಸಾಧುವೆಂದು ಹೆಸರಾದ ಔಷಧ. ಅಳತೆ ಮೀರಿದರೆ ಮಾತ್ರ ಯಕೃತ್ತಿಗೇ ಎರಗುತ್ತದೆ. ಅದನ್ನು ಒಡೆಯುವಾಗ ಹುಟ್ಟುವ ಒಂದು ವಿಷಕಣವನ್ನು ಯಕೃತ್ತು ತನ್ನಲ್ಲಿರುವ ಗ್ಲುಟಾಥಯೋನ್ ಎಂಬ ಪದಾರ್ಥದಿಂದ ಅಡಗಿಸುತ್ತದೆ. ಆ ದಾಸ್ತಾನು ಮುಗಿದರೆ ವಿಷ ಯಕೃತ್ತನ್ನೇ ಸುಡುತ್ತದೆ. ಆರೋಗ್ಯವಂತ ಪ್ರೌಢರಿಗೂ ದಿನಕ್ಕೆ 4 ಗ್ರಾಂ ಎಂಬುದು ಮೇಲಿನ ಮೇರೆ. ಮನೆಮಾತಾಗಿರುವ ಡೋಲೋ 650ರಲ್ಲಿರುವುದೂ ಪ್ಯಾರಾಸಿಟಮಾಲೇ, ನೆಗಡಿಯ ಅನೇಕ ಗುಳಿಗೆಗಳಲ್ಲಿರುವುದೂ ಅದೇ. ಜ್ವರಕ್ಕೊಂದು, ನೆಗಡಿಗೊಂದು, ಮೈಕೈ ನೋವಿಗೊಂದು ಎಂದು ಮೂರು ಹೆಸರಿನಲ್ಲಿ ಒಂದೇ ಔಷಧವನ್ನು ಮೂರು ಸಲ ನುಂಗುವ ಅಪಾಯ ಹೀಗೆ ಬರುತ್ತದೆ. ದೊಡ್ಡಕ್ಷರದ ಹೆಸರಿನ ಕೆಳಗಿನ ಚಿಕ್ಕಕ್ಷರವನ್ನು ಓದುವ ಕಣ್ಣು ಮನೆಗೊಂದಾದರೂ ಇರಬೇಕು.

ನಮ್ಮ ಬೀದಿಯಲ್ಲಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ. ಕಳೆದ ವರ್ಷ ಅವರಿಗೆ ರಕ್ತದ ಒತ್ತಡಕ್ಕೆ ಗುಳಿಗೆ ಬರೆದುಕೊಟ್ಟ ಮೇಲೆ ದಿನವೂ ಬೆಳಗಿನ ಹೊತ್ತು ತಲೆ ಸುತ್ತತೊಡಗಿತು. ಸಂಜೆಯಾದರೆ ಒತ್ತಡ ಮತ್ತೆ ಏರಿರುತ್ತಿತ್ತು. ಒಂದು ದಿನ ಬಚ್ಚಲುಮನೆಯ ಬಾಗಿಲಲ್ಲಿ ಬೀಳುವುದು ಕೂದಲೆಳೆಯಲ್ಲಿ ತಪ್ಪಿತು. ಅವರ ಶ್ರೀಮತಿಯವರು ನನ್ನೊಡನೆ, “ಇವರಿಗೆ ಗುಳಿಗೆ ಗಂಟಲಲ್ಲಿ ಇಳಿಯೋದೇ ಇಲ್ಲಪ್ಪ. ಕುಟ್ಟಾಣೀಲಿ ಪುಡಿ ಮಾಡಿ ಬಾಳೆಹಣ್ಣಲ್ಲಿ ಕಲಸಿ ಕೊಡ್ತೀನಿ. ಒಂದು ದಿನವೂ ತಪ್ಪಿಸಿಲ್ಲ” ಎಂದರು. ಆ ತಾಯಿಯ ಶ್ರದ್ಧೆಯಲ್ಲಿ ಲೋಪವಿರಲಿಲ್ಲ. ಗುಳಿಗೆಯಾದರೋ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕರಗಬೇಕಾದ ಜಾತಿಯದು. ಪುಡಿಮಾಡಿದಾಗ ಒಂದು ದಿನದ ಔಷಧವೆಲ್ಲ ಒಂದೇ ಗಳಿಗೆಯಲ್ಲಿ ರಕ್ತಕ್ಕೆ ಸುರಿಯುತ್ತಿತ್ತು. ಸಂಜೆಗೆ ಏನೂ ಉಳಿಯುತ್ತಿರಲಿಲ್ಲ. “ಹೇಗೆ ನುಂಗುತ್ತೀರಿ ಮೇಷ್ಟ್ರೇ?” ಎಂದು ಮುಂದಿನ ಸಲ ವೈದ್ಯರು ಕೇಳಿದ ಒಂದೇ ಪ್ರಶ್ನೆಯಿಂದ ಗುಟ್ಟು ಹೊರಬಿತ್ತು. ಸಣ್ಣದಾದ ಬೇರೆ ಗುಳಿಗೆ ಬಂತು. ತಲೆ ಸುತ್ತುವುದು ನಿಂತಿತು. ಗುಳಿಗೆಯ ಮೇಲಿನ ಲೇಪ ಬರಿಯ ಅಲಂಕಾರವಲ್ಲ. ಕೆಲವನ್ನು ಜಠರದ ಆಮ್ಲದಿಂದ ಕಾಪಾಡಲು, ಕೆಲವನ್ನು ನಿಧಾನವಾಗಿ ಬಿಡಲು ಹಾಗೆ ಮಾಡಿರುತ್ತಾರೆ. ಕೇಳದೆ ಒಡೆಯಬಾರದು, ಅಗಿಯಬಾರದು.

ಬಾಳೆಹಣ್ಣಿನ ಮಾತು ಬಂದುದರಿಂದ ಜೊತೆಯಲ್ಲಿ ತಿನ್ನುವುದರ ವಿಷಯಕ್ಕೆ ಬರೋಣ. ಆಯುರ್ವೇದದಲ್ಲಿ ಇದಕ್ಕೆ ‘ಅನುಪಾನ’ವೆಂಬ ಅಂದವಾದ ಹೆಸರಿದೆ: ಈ ಔಷಧವನ್ನು ಜೇನಿನಲ್ಲಿ, ಆ ಔಷಧವನ್ನು ಬಿಸಿನೀರಿನಲ್ಲಿ ಎಂದು. ಇಂದಿನ ವಿಜ್ಞಾನವೂ ಈ ವಿಚಾರವನ್ನು ಗಂಭೀರವಾಗಿ ತೆಗೆದುಕೊಂಡಿದೆ. ಕರಿಮೆಣಸಿನಲ್ಲಿರುವ ಪೈಪರಿನ್ ಎಂಬ ಅಂಶವು ಕೆಲವು ಔಷಧಗಳನ್ನು ರಕ್ತಕ್ಕೆ ಹೆಚ್ಚಾಗಿ ಸೇರಿಸುತ್ತದೆಂದು ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದವರು ಕಂಡುಕೊಂಡರು. ಆ ತಿಳಿವಿನಿಂದ ಹುಟ್ಟಿದ ಒಂದು ಕ್ಷಯದ ಔಷಧದಲ್ಲಿ ರಿಫಾಂಪಿಸಿನ್ನಿನ ಪ್ರಮಾಣವನ್ನು 450 ಮಿಲಿಗ್ರಾಮಿನಿಂದ 200ಕ್ಕೆ ಇಳಿಸಿ, 10 ಮಿಲಿಗ್ರಾಂ ಪೈಪರಿನ್ ಸೇರಿಸಿದರು.

ನಮ್ಮೂರಿನ ಹೆಸರಿನ ಮೊದಲಲ್ಲೇ ಕುಳಿತಿರುವ ಹುಣಸೆಗೂ ಈ ಗುಣ ಸ್ವಲ್ಪ ಉಂಟು. ಹುಣಸೆಹಣ್ಣಿನ ರಸ ಸೇರಿದ ಊಟದೊಡನೆ ಆಸ್ಪಿರಿನ್ ಕೊಟ್ಟಾಗ ಅದು ರಕ್ತಕ್ಕೆ ಸೇರುವ ಪ್ರಮಾಣ ಹೆಚ್ಚಿತೆಂದು 1996ರಲ್ಲಿ ನೈಜೀರಿಯಾ ದೇಶದ ವಿಜ್ಞಾನಿಗಳು ಪ್ರಕಟಿಸಿದರು. ಪರೀಕ್ಷೆಗೊಳಗಾದವರು ಕೆಲವೇ ಮಂದಿ. ಆದುದರಿಂದ ಯಾರೂ ಸಾರು, ಪುಳಿಯೋಗರೆಗಳನ್ನು ಬಿಡಬೇಕಾಗಿಲ್ಲ. ಊಟವು ಔಷಧಕ್ಕೆ ಪರಕೀಯವಲ್ಲ ಎಂಬುದಕ್ಕೆ ಇದೊಂದು ಸಾಕ್ಷಿಯಷ್ಟೆ.

ಕೆಡಿಸುವ ಅನುಪಾನಗಳೂ ಇವೆ. ಟೆಟ್ರಾಸೈಕ್ಲಿನ್ ಜಾತಿಯ ಔಷಧ ಹಾಲಿನ ಸುಣ್ಣದೊಡನೆ ಕೂಡಿಕೊಂಡು ಕರುಳಿನಲ್ಲಿಯೇ ಉಳಿದುಬಿಡುತ್ತದೆ. ಕಬ್ಬಿಣಾಂಶದ ಗುಳಿಗೆಯನ್ನು ಚಹದೊಡನೆ ನುಂಗಿದರೆ ಚಹದ ಒಗರು ಅದನ್ನು ಕಟ್ಟಿಹಾಕುತ್ತದೆ. ಥೈರಾಯ್ಡ್ ಗುಳಿಗೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ತಾಳಬೇಕು. ಬೆಂಗಳೂರಿನ ಗೃಹಿಣಿಗೆ ಬೆಳಗಿನ ಫಿಲ್ಟರ್ ಕಾಫಿಯ ಮುಂದೆ ಅಷ್ಟು ಹೊತ್ತು ಕಾಯುವುದು ತಪಸ್ಸೇ ಸರಿ. ಆದರೆ ಕಾಫಿಯೊಡನೆ ಹೋದ ಗುಳಿಗೆ ಪೂರ್ಣವಾಗಿ ರಕ್ತವನ್ನು ಸೇರದು.

ಎಲ್ಲಕ್ಕಿಂತ ವಿಚಿತ್ರವಾದ ಕಥೆ ದೇವನಹಳ್ಳಿಯ ಚಕ್ಕೋತದ್ದು. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಆ ಹಣ್ಣಿನ ಸವಿಯನ್ನು ಈ ಭಾಗದವರಿಗೆ ನಾನು ವರ್ಣಿಸಬೇಕಾಗಿಲ್ಲ. ಈ ಚಕ್ಕೋತ ಜಾತಿಗೂ ಕಿತ್ತಳೆಗೂ ಹದಿನೆಂಟನೆಯ ಶತಮಾನದಲ್ಲಿ ವೆಸ್ಟ್ ಇಂಡೀಸಿನ ಬಾರ್ಬಡೋಸ್ ದ್ವೀಪದಲ್ಲಿ ಸಂಕರವಾಗಿ ಹುಟ್ಟಿದ ಹಣ್ಣು ಗ್ರೇಪ್‌ಫ್ರೂಟ್. 1989ರ ಸುಮಾರಿಗೆ ಕೆನಡಾ ದೇಶದ ಡೇವಿಡ್ ಬೈಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಎಂಬ ರಕ್ತದೊತ್ತಡದ ಔಷಧಕ್ಕೂ ಮದ್ಯಕ್ಕೂ ಇರುವ ಸಂಬಂಧವನ್ನು ಪರೀಕ್ಷಿಸುತ್ತಿದ್ದರು. ಮದ್ಯದ ರುಚಿ ತಿಳಿಯದಿರಲೆಂದು ಗ್ರೇಪ್‌ಫ್ರೂಟ್ ರಸವನ್ನು ಬೆರೆಸಿದ್ದರು. ಔಷಧದ ಮಟ್ಟ ಎಣಿಸಿದುದಕ್ಕಿಂತ ಬಹಳ ಮೇಲಕ್ಕೇರಿತು. ತಪ್ಪು ಮದ್ಯದ್ದಲ್ಲ, ಹಣ್ಣಿನ ರಸದ್ದು! 1991ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ನೀರಿನೊಡನೆ ನುಂಗಿದಾಗ ರಕ್ತಕ್ಕೆ ಬಂದ ಔಷಧ 100 ಎಂದಾದರೆ, ರಸದೊಡನೆ ನುಂಗಿದಾಗ ಸರಾಸರಿ 284.

ಕಾರಣ ಹೀಗಿದೆ. ಯಕೃತ್ತಿಗೆ ಹೋಗುವ ಮುನ್ನವೇ ಕರುಳಿನ ಗೋಡೆಯಲ್ಲಿ ಒಂದು ಕಾವಲು ಕಿಣ್ವ ನಿಂತು ಅನೇಕ ಔಷಧಗಳನ್ನು ಒಡೆಯುತ್ತದೆ. ಇಷ್ಟು ಪಾಲು ಒಡೆದುಹೋಗುತ್ತದೆಂದು ಎಣಿಸಿಯೇ ಗುಳಿಗೆಯ ಬಲವನ್ನು ನಿಗದಿಮಾಡಿರುತ್ತಾರೆ. ಗ್ರೇಪ್‌ಫ್ರೂಟ್, ಚಕ್ಕೋತಗಳಲ್ಲಿರುವ ಫ್ಯೂರನೋಕೌಮರಿನ್ ಎಂಬ ಪದಾರ್ಥಗಳು ಆ ಕಾವಲುಗಾರನನ್ನೇ ಕೆಡವಿಬಿಡುತ್ತವೆ. ಮೈಯು ಹೊಸ ಕಿಣ್ವವನ್ನು ಕಟ್ಟಿಕೊಳ್ಳಲು ಒಂದು ದಿನವೋ ಹೆಚ್ಚೋ ಬೇಕು. ಆದುದರಿಂದ ಹಣ್ಣನ್ನು ಬೆಳಗ್ಗೆ ತಿಂದು ಗುಳಿಗೆಯನ್ನು ರಾತ್ರಿ ನುಂಗಿದರೂ ತೊಂದರೆ ತಪ್ಪದು. ಮೂತ್ರಪಿಂಡದ ಕಸಿ ಮಾಡಿಸಿಕೊಂಡವರು ಸೇವಿಸುವ ಸೈಕ್ಲೋಸ್ಪೋರಿನ್, ಕೊಲೆಸ್ಟರಾಲಿಗೆ ಕೊಡುವ ಸಿಮ್ವಸ್ಟಾಟಿನ್ ಇಂಥ ಔಷಧಗಳ ಪಟ್ಟಿಯಲ್ಲಿವೆ. ಚಕ್ಕೋತದ ರಸದಿಂದ ಸೈಕ್ಲೋಸ್ಪೋರಿನ್ನಿನ ಮಟ್ಟ ಏರಿದುದು ಪರೀಕ್ಷೆಯಲ್ಲಿ ಕಂಡಿದೆ. ಎಲ್ಲ ಔಷಧಗಳ ಪಾಡೂ ಹೀಗಲ್ಲ. ರಕ್ತದೊತ್ತಡಕ್ಕೆ ನಮ್ಮಲ್ಲಿ ಹೇರಳವಾಗಿ ಬಳಸುವ ಅಮ್ಲೋಡಿಪಿನ್ನಿನ ಮೇಲೆ ಈ ಪ್ರಭಾವ ಅತ್ಯಲ್ಪ. ಹಾಗಾಗಿ ಚಕ್ಕೋತವನ್ನು ಮನೆಯಿಂದ ಹೊರಗೆ ಹಾಕುವ ಮೊದಲು ವೈದ್ಯರನ್ನೊಮ್ಮೆ ಕೇಳುವುದು ಲೇಸು. ಹಣ್ಣಿನ ಮೇಲೆ ಅಪವಾದ ಹೊರಿಸಿದರೆ ದೇವನಹಳ್ಳಿಯವರು ನನ್ನನ್ನು ಸುಮ್ಮನೆ ಬಿಟ್ಟಾರೆಯೆ?

ಅವರಿಗೆ ಹಿಡಿಸಿತು, ಇವರಿಗೂ ಹಿಡಿಸೀತು ಎಂಬ ಲೆಕ್ಕವೂ ಅಪಾಯದ್ದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳನ್ನು ಕೇಳಿದರೆ ಡೈಕ್ಲೋಫೆನಾಕಿನ ಕಥೆಯನ್ನು ಹೇಳಿಯಾರು. ಮನುಷ್ಯರ ಮಂಡಿನೋವಿಗೆ ಬಳಸುವ ಈ ಔಷಧವನ್ನು ದನಗಳಿಗೂ ಕೊಡುತ್ತಿದ್ದರು. ದನಗಳಿಗೆ ಅದು ಹಿಡಿಸುತ್ತಿತ್ತು. ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ಮಾತ್ರ ಸ್ತಬ್ಧವಾದವು. ಭಾರತದ ಮೂರು ಜಾತಿಯ ರಣಹದ್ದುಗಳು 1990ರ ದಶಕದಿಂದೀಚೆಗೆ ಶೇಕಡಾ 95ಕ್ಕೂ ಮಿಗಿಲಾಗಿ ಅಳಿದುಹೋದವು. 2004ರಲ್ಲಿ ಕಾರಣ ತಿಳಿಯಿತು. 2006ರಲ್ಲಿ ದನಗಳಿಗೆ ಅದರ ಬಳಕೆಯನ್ನು ಸರಕಾರ ನಿಷೇಧಿಸಿತು. ಅಳಿದುಳಿದವುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಸಾರಲಾಯಿತು. ಒಂದು ಮೈಗೆ ಮದ್ದಾದುದು ಮತ್ತೊಂದು ಮೈಗೆ ಮೃತ್ಯು. ಮನುಷ್ಯ ಮನುಷ್ಯರೊಳಗೆ ಅಂತರ ಇಷ್ಟಿಲ್ಲವಾದರೂ ಇಲ್ಲವೇ ಇಲ್ಲವೆಂದಲ್ಲ. ಮಗು ದೊಡ್ಡವರ ಚಿಕ್ಕ ಪ್ರತಿಯಲ್ಲ. ಮುದುಕರ ಮೂತ್ರಪಿಂಡಕ್ಕೆ ಹಿಂದಿನ ಕಸುವಿಲ್ಲ. ಬಸುರಿಯ ಮೈಯಲ್ಲಿ ಎರಡು ಜೀವ. ಪಕ್ಕದ ಮನೆಯವರ ಉಳಿದ ಗುಳಿಗೆಯನ್ನು ಕಡ ತರುವುದು ಸಕ್ಕರೆ ಕಡ ತಂದಂತಲ್ಲ.

ಕೊನೆಯದಾಗಿ, ಎಷ್ಟು ದಿನವೆಂಬ ಪ್ರಶ್ನೆ. ಇದೇ ಬಳ್ಳಾರಿ ರಸ್ತೆಯಲ್ಲಿ ನಗರದ ಕಡೆಗೆ ಹೋದರೆ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಎರಡು ತಿಂಗಳು ಮುಗಿಯುವುದರೊಳಗೆ ಜ್ವರ ಹೋಗುತ್ತದೆ, ಕೆಮ್ಮು ನಿಲ್ಲುತ್ತದೆ, ಹಸಿವು ಮರಳುತ್ತದೆ. ಗುಣವಾಯಿತೆಂದು ಗುಳಿಗೆ ಬಿಡುವುದು ಆಗಲೇ. ಆದರೆ ಅಷ್ಟು ಹೊತ್ತಿಗೆ ಸತ್ತಿರುವುದು ಚುರುಕಾಗಿ ಬೆಳೆಯುತ್ತಿದ್ದ ಕ್ರಿಮಿಗಳು. ನಿದ್ರಿಸುತ್ತಿರುವವು ಇನ್ನೂ ಉಳಿದಿರುತ್ತವೆ. ಬಿಟ್ಟ ಚಿಕಿತ್ಸೆಯಲ್ಲಿ ಅವು ಏಳುತ್ತವೆ, ಬಿಟ್ಟು ಬಿಟ್ಟು ನುಂಗಿದ ಔಷಧದಲ್ಲಿ ಅದನ್ನು ಎದುರಿಸಬಲ್ಲವು ಉಳಿದು ವಂಶ ಬೆಳೆಸುತ್ತವೆ. ಆ ಕ್ರಿಮಿಗಳು ಕೆಮ್ಮಿದವನ ಮನೆಯಲ್ಲೇ ನಿಲ್ಲುವುದಿಲ್ಲ. ಅವನು ಕುಳಿತ ಬಸ್ಸಿನಲ್ಲಿ, ಅವನ ಮಗು ಕೂರುವ ಶಾಲೆಯಲ್ಲಿ ಇಳಿಯುತ್ತವೆ. ರೋಗದ ಲಕ್ಷಣ ಹೋಗುವುದು ಬೇರೆ, ರೋಗ ಹೋಗುವುದು ಬೇರೆ. ಯಾವ ಔಷಧವನ್ನು ನೋವು ನಿಂತೊಡನೆ ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದನ್ನು ನಿರ್ಧರಿಸುವ ಅಧಿಕಾರವನ್ನು ನಮ್ಮ ಸೋಮಾರಿತನಕ್ಕೆ ಕೊಡಬಾರದು.

ಇಷ್ಟು ಓದಿದ ವಾಚಕರು ವೈದ್ಯರಾಗಬೇಕಾಗಿಲ್ಲ, ಆಗಲೂ ಬಾರದು. ಆದರೆ ಚೀಟಿ ಹಿಡಿದು ಏಳುವ ಮುನ್ನ ನಾಲ್ಕು ಪ್ರಶ್ನೆ ಕೇಳಬಹುದು: ಎಷ್ಟು? ಯಾವ ಹೊತ್ತು? ಯಾವುದರೊಡನೆ? ಎಷ್ಟು ದಿನ? ಇವಕ್ಕೆ ಬಂದ ಉತ್ತರವನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಅಡಿಗೆಮನೆಯ ಗೋಡೆಗೆ ಅಂಟಿಸಿದರೆ, ಕಣ್ಣು ಮಂದವಾದ ಅಜ್ಜಿಗೂ ಕಾಣುತ್ತದೆ, ಅಜ್ಜಿಗೆ ನೀರು ತಂದುಕೊಡುವ ಮೊಮ್ಮಗನಿಗೂ ಓದಲು ಬರುತ್ತದೆ. ಮೊಮ್ಮಗ ಓದಲಿ, ಅಜ್ಜಿ ನುಂಗಲಿ.